ಅಂಟಿಸಿದ ಪುಟಗಳು

ಹರೆಯದ ಹುಡುಗರ ಕೈಗೆ ಎಂಥ ಪುಸ್ತಕ ಕೊಡಬೇಕು ಎಂದು ಯಾರಾದರೂ ಭಾಷಣಕ್ಕೆ ನಿಂತರೆ ನನಗೆ ಇವತ್ತಿಗೂ ಎದ್ದು ಹೊರಗೆ ಹೋಗಬೇಕೆನಿಸುತ್ತದೆ. ಎಂಬತ್ತರ ದಶಕದಲ್ಲಿ ಮೂರು ವರ್ಷ ಅದೇ ಕೆಲಸ ಮಾಡಿದವನು ನಾನು. ಕುಂದಗೋಳ ತಾಲೂಕಿನ ಒಂದು ಹಳ್ಳಿಯಲ್ಲಿ, ಪಂಚಾಯತಿ ಕಚೇರಿಯ ಬಾಜು, ಒಂದೇ ಕೋಣೆಯ ವಾಚನಾಲಯ. ಯರಗುಪ್ಪಿಯಿಂದ ದಿನಾ ಸೈಕಲ್ ತುಳಿದು ಹೋಗಿ ಬೀಗ ತೆಗೆಯುತ್ತಿದ್ದೆ. ಬಿ.ಎ. ಪಾಸಾಗಿತ್ತು. ನೌಕರಿ ಹಂಗಾಮಿ, ಗತ್ತು ಮಾತ್ರ ಕಾಯಂ.

ಮೇಲಿನಿಂದ ನಮಗೆ ಕಟ್ಟುಗಟ್ಟಲೆ ಕಿಶೋರ ಕಾದಂಬರಿಗಳು ಬರುತ್ತಿದ್ದವು. ಎಲ್ಲದರಲ್ಲೂ ಒಬ್ಬ ಹುಡುಗ ನಸುಕಿನಲ್ಲೆದ್ದು ತಣ್ಣೀರು ಸುರಿದುಕೊಂಡು, ಅಪ್ಪನ ಕಾಲಿಗೆ ಬಿದ್ದು, ದಾರಿಯಲ್ಲಿ ಸಿಕ್ಕ ಪಾಕೀಟನ್ನು ಪೊಲೀಸರಿಗೆ ಒಪ್ಪಿಸಿ ಬೆಳ್ಳಿ ಪದಕ ಪಡೆಯುತ್ತಿದ್ದ. ಹುಡುಗಿ ಎಂದು ಯಾರಾದರೂ ಇದ್ದರೆ ಅವನ ತಂಗಿ, ಅವಳಿಗೆ ಜ್ವರ. ಬರೆದವರಿಗೆ ಹದಿನೈದು ವರ್ಷ ಎಂದೂ ಆಗಿಯೇ ಇರಲಿಲ್ಲವೇನೋ, ಹತ್ತರಿಂದ ನೇರ ಐವತ್ತಕ್ಕೆ ಜಿಗಿದವರು. ನಾಲ್ಕು ಪ್ರತಿಗಳನ್ನು ನಾನೇ ಮೇಜಿನ ಗಿಡ್ಡ ಕಾಲಿನ ಕೆಳಗೆ ಇಟ್ಟಿದ್ದೆ. ಅವುಗಳಿಂದಾದ ಲೋಕೋಪಕಾರ ಅಷ್ಟೇ.

ದೊಡ್ಡವರ ಕಾದಂಬರಿಗಳು ಮೇಲಿನ ಕಪಾಟಿನಲ್ಲಿದ್ದವು. ಅವುಗಳಿಗೆ ಕಾವಲು ವಾಚನಾಲಯ ಸಮಿತಿಯ ಹಿರಿಯರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ, ಹಣೆಯ ಮೇಲೆ ಎರಡನೇ ಸಲ ವಿಭೂತಿ ಎಳೆದುಕೊಂಡು ಬಂದು ಕಿಟಕಿಯ ಪಕ್ಕದ ಕುರ್ಚಿ ಹಿಡಿದರೆ ಬಾಗಿಲು ಹಾಕುವತನಕ ಅಲ್ಲೇ. ಹೊಸ ಕಾದಂಬರಿ ಬಂತೆಂದರೆ ಮೊದಲು ಅವರೇ ಓದಬೇಕು. ಗಂಡು ಹೆಣ್ಣು ಹತ್ತಿರ ಬಂದ ಪುಟ ಸಿಕ್ಕರೆ ಹೆಬ್ಬೆರಳು ನೆಕ್ಕಿ ನೆಕ್ಕಿ ಎರಡೆರಡು ಸಲ ಓದಿ, ಆಮೇಲೆ ಮನೆಯಿಂದ ತಂದ ಮೈದಾಹಿಟ್ಟಿನ ಅಂಟನ್ನು ಅಂಚಿಗೆ ಸವರಿ ಎದುರುಬದುರು ಪುಟಗಳನ್ನು ಮುಚ್ಚಿಬಿಡುತ್ತಿದ್ದರು.

"ಹರೇದ ಹುಡುಗೂರು ಬರೂ ಜಾಗಾ ಇದು, ತಮ್ಮಾ. ಹೊಲಸು ಕೈಗೆ ಸಿಗಬಾರದು," ಎನ್ನುತ್ತಿದ್ದರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಮನುಷ್ಯನನ್ನು ಕಂಡರೆ ನನಗೆ ಹೇಸಿಕೆ. ಆದರೆ ವರ್ಷಕ್ಕೊಮ್ಮೆ ನನ್ನ ನೌಕರಿ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರು ಅವರೇ ಆಗಿದ್ದರಿಂದ, ಅವರು ಬಂದಾಗ ಎದ್ದು ನಿಂತು "ಬರ್ರಿ ಕಾಕಾ" ಎನ್ನುತ್ತಿದ್ದೆ. ಹೇಸಿಕೆಯನ್ನು ನುಂಗಿಕೊಂಡು ನಗುವುದರಲ್ಲಿ ನಾನು ಪಳಗಿದ್ದೆ.

ಹುಡುಗರಿಗೆ ಕಾಕಾನ ಉಪಕಾರ ತಡವಾಗದೆ ತಿಳಿಯಿತು. ಪುಸ್ತಕ ಒಯ್ಯುವ ಮೊದಲು ಬೆನ್ನು ಹಿಡಿದು ಅಂಚು ಸವರಿ ನೋಡುವರು. ಅಂಟಿಸಿದ್ದು ಇದ್ದರೆ ಮಾತ್ರ ರಿಜಿಸ್ಟರಿಗೆ ಸಹಿ. ಎದುರಿನ ಚಹಾದಂಗಡಿಯ ಕಿಟ್ಲಿಯ ಹಬೆಗೆ ಹಿಡಿದರೆ ಪುಟ ಸುಲಭವಾಗಿ ಬಿಚ್ಚುತ್ತಿತ್ತು, ಓದಿ ಮತ್ತೆ ಒತ್ತಿ ತಂದುಕೊಡುವರು. ನಾನು "ಇದು ಛಲೋ ಪುಸ್ತಕ, ಓದ್ರೋ" ಎಂದು ಗಂಟಲು ಹರಿದುಕೊಂಡರೂ ಮುಟ್ಟದವರು, ಕಾಕಾ ಅಂಟು ಸವರಿದ್ದಕ್ಕೆ ಸರದಿ ನಿಲ್ಲುವರು. ನಾನೂ ಕಲಿತೆ. ಯಾರೂ ಮೂಸದ ಒಳ್ಳೆಯ ಕಾದಂಬರಿಯಲ್ಲಿ, ಓದಲೇಬೇಕಾದ ಎರಡು ಪುಟ ಹುಡುಕಿ ಅಂಟಿಸಿ ಇಡತೊಡಗಿದೆ. ಒಂದೊಂದೂ ಎರಡೇ ದಿನದಲ್ಲಿ ಖಾಲಿ! ಬಿಚ್ಚಿದ ಮೇಲೆ ಒಳಗೆ ಮಳೆಯ ವರ್ಣನೆಯೋ ಮುದುಕಿಯ ಸಾವೋ ಸಿಕ್ಕಾಗ ಅವರು ನನಗೆ ಏನೆಂದು ಬೈದರೋ ಗೊತ್ತಿಲ್ಲ. ಊರಿಗೇ ಜಾಣ ನಾನೊಬ್ಬನೇ ಎಂದು ಸೈಕಲ್ ಮೇಲೆ ಎದೆ ಉಬ್ಬಿಸಿ ಹೋಗುತ್ತಿದ್ದೆ.

ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೊಬ್ಬಳು ತನ್ನ ತಂಗಿಯನ್ನು ಜೊತೆಗೆ ಕರೆದುಕೊಂಡು ಬರುತ್ತಿದ್ದಳು. ಒಯ್ದ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿ ತಂದುಕೊಡುವವಳು ಅವಳೊಬ್ಬಳೇ. ಒಂದು ಬುಧವಾರ ಮೇಜಿನ ಹತ್ತಿರ ನಿಂತು ಸಣ್ಣ ದನಿಯಲ್ಲಿ ಹೇಳಿದಳು.

"ಸರ್, ಮಿಶ್ರಿಕೋಟ್ಯಾವ್ರು ನನ್ನ ನೋಡಿ ಹೋಗ್ಯಾರ. ಪರೀಕ್ಷಾ ಮುಗದ ಕೂಡ್ಲೇ ಮದವಿ ಅಂತಾರ. ಅಪ್ಪಾ ಸೋಮವಾರ ಮಾತು ಕೊಡತಾನ. ನೀ ಒಲ್ಲೆ ಅಂದ್ರ ಬ್ಯಾಡ ಅಂತ ಹೇಳತೀನಿ ಅಂದಾನ. ನಂಗ ಟೀಚರ್ ಆಗಬೇಕಂತ ಐತ್ರಿ. ಆದ್ರ ಹಿರ್ಯಾರ ಮುಂದ ಒಲ್ಲೆ ಅನ್ನೂದು ತಪ್ಪೋ ಏನೋ. ಇಂಥಾದ್ದು ಬರೂ ಕಾದಂಬರಿ ಯಾವುದಾರ ಐತೇನ್ರಿ?"

ಇತ್ತು. ಮದುವೆ ಗೊತ್ತು ಮಾಡಲು ಬಂದವರ ಮುಂದೆಯೇ ಹುಡುಗಿಯೊಬ್ಬಳು "ನಾನು ಕಲಿಯಬೇಕು, ಈ ಮದುವೆ ಒಲ್ಲೆ" ಎನ್ನುವ ಎರಡು ಪುಟ. ಆ ಕೋಣೆಯಲ್ಲಿದ್ದ ಎಲ್ಲ ಪುಸ್ತಕಗಳಲ್ಲಿ ನನಗೆ ಪ್ರೀತಿಯ ಎರಡು ಪುಟ. "ತಪ್ಪಲ್ಲ, ಒಲ್ಲೆ ಅನ್ನು" ಎಂದು ಬಾಯಿಬಿಟ್ಟು ಹೇಳಿದ್ದರೂ ಸಾಕಿತ್ತು. ಆದರೆ ಮದುವೆ ಎಂಬ ಮಾತು ಕಿವಿಗೆ ಬಿದ್ದು ಕಿಟಕಿಯ ಬಳಿ ಕಾಕಾನ ಪೇಪರು ಕೆಳಗಿಳಿದಿತ್ತು. ನಾನು, "ನಾಳೆ ಬಾರವಾ, ಹುಡುಕಿ ಇಡತೀನಿ," ಎಂದೆ.

ಕಾಕಾ ಹೋದ ಮೇಲೆ ಅದೇ ಎರಡು ಪುಟಗಳ ಅಂಚಿಗೆ ಅಂಟು ಸವರಿದೆ. ಉಗುರು ತಾಗಿದರೆ ಬಿಡುವಷ್ಟು ಹಗುರ. ನಾನು ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಗುರುವಾರ ಅವಳು ಪುಸ್ತಕ ಒಯ್ದಳು.

ಶನಿವಾರ ಮಧ್ಯಾಹ್ನ ಹೊದಿಕೆ ಹಾಕಿಕೊಂಡು ಪುಸ್ತಕ ವಾಪಸ್ಸು ಬಂತು. ಅಂಚು ಸವರಿ ನೋಡಿದೆ. ನಾನು ಅಂಟಿಸಿದ್ದು ಹಾಗೆಯೇ ಇತ್ತು.

"ಎಲ್ಲಾ ಓದಿದ್ನಿರಿ ಸರ್. ಮುಂದ ಆ ಹುಡುಗಿ ಟೀಚರ್ ಆಗ್ಯಾಳ. ಮದವಿ ಹೆಂಗ ತಪ್ಪಿತಂತ ತಿಳೀಲಿಲ್ಲ, ಅದು ಅಂಟಿಸಿದ ಹಾಳ್ಯಾಗ ಇರಬೇಕು. ಹುಡುಗೂರು ಬಿಚ್ಚಿ ಓದತಾರಂತ, ನಾ ಬಿಚ್ಚಲಿಲ್ಲ. ನೀವು ತಿಳದವ್ರು ಅಂಟಿಸೀರಿ ಅಂದ್ರ ಓದಬಾರದ್ದ ಇರತೈತಿ." ಆಮೇಲೆ ಕೇಳಿದಳು, "ಹಂಗಂದ್ರ, ಒಲ್ಲೆ ಅನ್ನೂದೂ ಹೊಲಸು ಮಾತ ಇರಬೇಕಲ್ರಿ?"

ಸೋಮವಾರಕ್ಕೆ ಇನ್ನೂ ಎರಡು ದಿನ ಇತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಕಿಟಕಿಯ ಕಡೆಯಿಂದ ಕಾಕಾ ಅಂದರು, "ಅಗದಿ ಶಾಣ್ಯಾಕಿ ಅದಿ ನೋಡವಾ! ಏ ತಮ್ಮಾ, ಹುಡುಗೂರು ಅಂದ್ರ ಹಿಂಗಿರಬೇಕು. ಹೌದಲ್ಲೋ?"

"ಹೌದ್ರಿ ಕಾಕಾ," ಎಂದೆ. ಅವಳಿಗೂ ಹೇಳಿದೆ, "ಛಲೋ ಮಾಡಿದಿ." ರಿಜಿಸ್ಟರಿನಲ್ಲಿ ಪುಸ್ತಕ ಬಂತೆಂದು ಬರೆದುಕೊಂಡು, ಅದನ್ನು ಹುಡುಗರ ಕೈಗೂ ಸಿಗದಂತೆ ಕಪಾಟಿನ ಹಿಂಬದಿಗೆ ತಳ್ಳಿದೆ. ಕಾಕಾನ ಬಗ್ಗೆ ಮೂರು ವರ್ಷ ಸಾಕಿದ ತಿರಸ್ಕಾರವೆಲ್ಲ ಆ ಸಾಲು ಬರೆಯುವಷ್ಟರಲ್ಲಿ ನನ್ನ ಕಡೆಗೆ ತಿರುಗಿತು. ಅವರಾದರೂ ನಂಬಿದ್ದನ್ನು ಮಾಡುತ್ತಿದ್ದರು.

ಸೋಮವಾರ ಅಪ್ಪ ಕೇಳಿದಾಗ ಅವಳು ತಲೆ ಬಗ್ಗಿಸಿ ಸುಮ್ಮನಿದ್ದಳಂತೆ. ಮಿಶ್ರಿಕೋಟಿಗೆ ಹೋದಳು. ನಾನು ಆ ಕೆಲಸ ಬಿಡುವ ದಿನ ಕಪಾಟು ಖಾಲಿ ಮಾಡಿ ಒಂದೊಂದೇ ಪುಸ್ತಕ ತೆಗೆದು ನೋಡಿದೆ. ಕಾಕಾ ಅಂಟಿಸಿದ್ದ ಪುಟಗಳನ್ನೆಲ್ಲ ಊರಿನ ಹುಡುಗರು ಬಿಚ್ಚಿ ಓದಿದ್ದರು. ಬಿಚ್ಚದೆ ಉಳಿದಿದ್ದವು ಎರಡೇ ಪುಟ, ಅವನ್ನು ಅಂಟಿಸಿದವನು ನಾನು.