ಮೂಟೆಯಣ್ಣ ನೇಯ್ದ ಸ್ಕಾರ್ಫು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿ ಕಡೆಯ ಕಿಟಕಿ ಮುಚ್ಚಿ, ಚಿಲಕ ಬಿತ್ತೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿ, ಮೂಟೆಯಣ್ಣ ಮಗ್ಗದ ಮುಂದೆ ಕೂರುತ್ತಾರೆ. ಅಗಲ ಬೆನ್ನು, ದಪ್ಪ ಬೆರಳು. ಲಾಳಿ ಎಡದಿಂದ ಬಲಕ್ಕೆ ಓಡುತ್ತದೆ. ಬಾಚಣಿಗೆಯಂಥ ಹಣಿಗೆಯನ್ನು ತಮ್ಮತ್ತ ಎಳೆದು ನೂಲನ್ನು ಕೂರಿಸುತ್ತಾರೆ.

"ಮೆಲ್ಲಗೆ ರೀ," ಎನ್ನುತ್ತಾರೆ ಗೋಡೆಗೊರಗಿ ಕೂತ ಹೆಂಡತಿ. "ಅದು ಕತ್ತಿಗೆ ಹಾಕ್ಕೊಳ್ಳೋದು, ಮೂಟೆ ಕಟ್ಟೋಕಲ್ಲ."

ಗೋದಾಮಿನಲ್ಲಿ ಮೂಟೆ ಹೊತ್ತ ಕೈ ಅದು. ಬೀದಿ ಕೊಟ್ಟ ಹೆಸರೂ ಅಲ್ಲಿಂದಲೇ ಬಂದದ್ದು. ಗೋದಾಮು ಬಾಗಿಲು ಹಾಕಿದ ವರ್ಷವೇ, ನೇಯ್ದು ನೇಯ್ದು ಸವೆದ ಹೆಂಡತಿಯ ಬಲಭುಜ ಮೇಲೇಳದಾಯಿತು. ಮಗ್ಗವೂ ನಿಂತರೆ ಒಲೆ ಹೊತ್ತಿಸುವುದು ಹೇಗೆ? ಹಾಗೆ ಗಂಡ ಹೆಂಡತಿಯ ಶಿಷ್ಯರಾದರು. ಮೊದಮೊದಲ ಸ್ಕಾರ್ಫುಗಳು ರಟ್ಟಿನಂತೆ ಬಿರುಸಾಗಿ ಅಂಗಡಿಯಿಂದ ವಾಪಸ್ಸು ಬಂದವು. ಹಣಿಗೆ ನೂಲನ್ನು ಮುಟ್ಟುವ ಮೊದಲೇ ಕೈ ಸಡಿಲ ಬಿಡುವುದನ್ನು ಕಲಿಯಲು ವರ್ಷವೇ ಹಿಡಿಯಿತು.

ಈಗ ದಿನಕ್ಕೆರಡು ಸ್ಕಾರ್ಫು ಮಗ್ಗದಿಂದ ಇಳಿಯುತ್ತವೆ. ಆದರೆ ಹೋದ ತಿಂಗಳವರೆಗೂ ಊರಿನವರ ಕಣ್ಣಿಗೆ ನೇಯುವವರು ಹೆಂಡತಿಯೇ. ಸ್ಕಾರ್ಫು ಮಾರುವ ಅಂಗಡಿಯ ಗೋಡೆಯ ಮೇಲೂ ಅವರದೇ ಫೋಟೊ ಇತ್ತು.

"ನಾಚಿಕೆ ಆಗ್ತಿತ್ತು. ಸುಳ್ಳ್ಯಾಕೆ ಹೇಳ್ಲಿ, ಈಗ್ಲೂ ಆಗತ್ತೆ," ಎನ್ನುತ್ತಾರೆ ಮೂಟೆಯಣ್ಣ. "ಜೊತೇಲಿ ಮೂಟೆ ಹೊತ್ತೋರು ಕಂಡ್ರೆ ಬಿಡ್ತಾರಾ? ಏನೋ ಮೂಟೆ, ನಾಳೆಯಿಂದ ಜಡೆನೂ ಹಾಕ್ಕೋತೀಯಾ ಅಂತಾರೆ."

ಹೋದ ತಿಂಗಳು ಅಂಗಡಿಯ ಯಜಮಾನಿ ಹೇಳದೆ ಕೇಳದೆ ನೇಯ್ಗೆ ನೋಡಲು ಬಂದರು. ಮೂಟೆಯಣ್ಣ ಅಡುಗೆಮನೆಗೆ ನುಸುಳಿ ಬಾಗಿಲ ಹಿಂದೆ ನಿಂತರು. ಗಂಡನ ಮಾನ ಉಳಿಸಲೆಂದು ಹೆಂಡತಿ ಏನೂ ಆಗದವರಂತೆ ಮಗ್ಗಕ್ಕೆ ಕೂತರು. ಲಾಳಿ ಒಮ್ಮೆ ಹೋಯಿತು, ಮತ್ತೊಮ್ಮೆ ಬಂತು. ಆಮೇಲೆ ಸದ್ದಿಲ್ಲ. ಹಲ್ಲು ಕಚ್ಚಿ ನುಂಗಿದ ನರಳಿಕೆಯೊಂದು ಬಾಗಿಲ ಹಿಂದಿನವರೆಗೂ ಕೇಳಿಸಿತು.

"ಅವಳು ನೋವು ತಿಂತಿದ್ಲು, ನಾನು ಪಾತ್ರೆಗಳ ಮಧ್ಯೆ ಬಚ್ಚಿಟ್ಕೊಂಡಿದ್ದೆ. ಇದರ ಮುಂದೆ ಬೀದಿಯೋರು ನಗೋದು ಯಾವ ಲೆಕ್ಕ?" ಹೇಳುವಾಗ ಅವರ ಕಣ್ಣು ನೆಲ ಬಿಟ್ಟು ಏಳುವುದಿಲ್ಲ.

ಅವತ್ತು ಆ ನರಳಿಕೆ ಕೇಳಿದ್ದೇ ಹೊರಬಂದು, "ಏಳು ನೀನು," ಎಂದು ಹೆಂಡತಿಯನ್ನು ಎಬ್ಬಿಸಿ, ತಾವೇ ಕೂತು ಲಾಳಿ ಎಸೆದರು. ಯಜಮಾನಿ ಹತ್ತಿರ ಬಂದು ಮಗ್ಗದ ಮೇಲಿನ ನೇಯ್ಗೆಯನ್ನು ಮುಟ್ಟಿ ನೋಡಿದರು.

"ಅಂದ್ರೆ ಇಷ್ಟು ದಿನ ನೇಯ್ದಿದ್ದು ನೀವಾ ಅಣ್ಣಾ? ಗೋಡೆ ಮೇಲೆ ಅಕ್ಕನ ಫೋಟೊ ಇದೆಯಲ್ಲ!"

"ಅವಳದ್ದೇ ಇರ್ಲಿ ಬಿಡಿ ಮೇಡಂ," ಎಂದು ಮೂಟೆಯಣ್ಣ ತಲೆ ತಗ್ಗಿಸಿದರು.

"ಯಾಕಿರ್ಬೇಕು?" ಹೆಂಡತಿ ಭುಜ ನೀವಿಕೊಳ್ಳುತ್ತಲೇ ಬಾಯಿ ಹಾಕಿದರು. "ಇವರು ನೇಯ್ದ ಅಂಚು ನೋಡಿ, ಹಾವು ಹರಿದಂಗಿದೆ. ಬಯ್ಯೋರು ಇವರ ಮುಖ ನೋಡ್ಕೊಂಡೇ ಬಯ್ಲಿ. ಇವರದ್ದೇ ಹಾಕಿ."

ಈಗ ಅಂಗಡಿಯ ಗೋಡೆಯ ಮೇಲೆ ಮೂಟೆಯಣ್ಣನ ಫೋಟೊ ಇದೆ. ನೋಡಲು ಅವರಿನ್ನೂ ಹೋಗಿಲ್ಲ.

"ಅಂಚು ನೆಟ್ಟಗಾಯ್ತು ಅಂತ ಅವಳ ಬಾಯಲ್ಲಿ ಒಂದ್ಸಲ ಬರ್ಲಿ," ಎನ್ನುತ್ತಾರೆ, ಕಡಿದ ನೂಲನ್ನು ಗಂಟು ಹಾಕುತ್ತ. "ಆಮೇಲೆ ಇಬ್ರೂ ಹೋಗಿ ನೋಡ್ಕೊಂಡು ಬರ್ತೀವಿ."