ಗಂಜಿಯ ಹಸಿರು ಹುಡುಕಿದ ವಿಲ್ಬರ್ಟ್ ಬಾಸ್

ಬೆಳಗಿನ ಆರು ಗಂಟೆ. ಕಟುಗಸ್ತೋಟ ಎಂಬ ಊರಿನ ಸೇತುವೆಯಾಚೆ, ತಗಡಿನ ಶೆಡ್ಡಿನ ಮುಂದೆ ವಿಲ್ಬರ್ಟ್ ಬಾಸ್ ಎರಡು ಹಲಗೆಗಳನ್ನು ಗೋಡೆಗೆ ಒರಗಿಸಿ ಕುಳಿತಿದ್ದಾರೆ. ಹಳೆಯ ಮಾರಿಸ್ ಮೈನರ್ ಕಾರಿನ ಬಾಗಿಲುಗಳ ಒಳಮೈಗೆ ಕೂರಿಸುವ ರೆಕ್ಸಿನ್ ಹಲಗೆಗಳವು. ಬಣ್ಣ ನೋಡುವುದಿದ್ದರೆ ಬಿಸಿಲೇರುವ ಮೊದಲೇ ನೋಡಬೇಕು ಎಂಬುದು ಅವರು ಕಲಿತ ಪಾಠ. ಆದರೆ ಈಗ ನೋಡುವುದು ಅವರಲ್ಲ, ಹೆಂಡತಿ ಯಸವತಿ.

"ಹೇಗಿದೆಯೇ?"

"ಇನ್ನೂ ಒಂಚೂರು ಹಳದಿ ಬೇಕು ರೀ. ಸೊಪ್ಪು ಬೆಂದಿಲ್ಲ."

"ಬೇಯಿಸೋಣ ಬಿಡು," ಎಂದು ಬಾಸ್ ಡಬ್ಬಿಗೆ ನಾಲ್ಕು ಹನಿ ಹಳದಿ ಬಿಡುತ್ತಾರೆ.

ಇಲ್ಲಿ ಕೈಕಸುಬು ಬಲ್ಲವರನ್ನೆಲ್ಲ ಬಾಸ್ ಎಂದೇ ಕರೆಯುವುದು. ಅರವತ್ತೆಂಟರ ವಿಲ್ಬರ್ಟ್ ಈ ಕೆಲಸಕ್ಕೆ ಕೈಹಾಕಿ ನಲವತ್ತೊಂದು ವರ್ಷ. ಮದುವೆಗೆ ಹಳೇ ಕಾರು ಬಂದರೆ ಜನ ಹೊರಗಿನ ಹೊಳಪನ್ನು ಬಾಯ್ತುಂಬ ಹೊಗಳುತ್ತಾರೆ. ಒಳಗೆ ಕೂತಾಗ ಮೊಣಕೈ ತಾಗುವ ಜಾಗವನ್ನು ಯಾರು ಗಮನಿಸುತ್ತಾರೆ? ಮಾಸಿದ ಹಲಗೆಯನ್ನು ಸೋಪುನೀರಿನಲ್ಲಿ ಉಜ್ಜಿ, ಎಣ್ಣೆಯ ಜಿಡ್ಡು ತೆಗೆದು, ಇಪ್ಪತ್ತು ನಿಮಿಷ ಬಿಟ್ಟು ಬಿಟ್ಟು ಆರು ಸಲ ತೆಳ್ಳಗೆ ಬಣ್ಣ ಹೊಡೆಯುತ್ತಾರೆ. "ಒಂದೇ ಸಲ ದಪ್ಪಗೆ ಹೊಡೆದ್ರೆ ರೆಕ್ಸಿನ್ನಿನ ಗೆರೆಯೆಲ್ಲ ಮುಚ್ಚಿಹೋಗ್ತದೆ. ಆಮೇಲೆ ಅದು ಬರೀ ಪ್ಲಾಸ್ಟಿಕ್ ಬಕೆಟ್ಟು," ಎಂದು ನಗುತ್ತಾರೆ. ಒಂದು ಕಾಲಕ್ಕೆ ತಿಂಗಳಿಗೆ ಆರು ಕಾರು ಬರುತ್ತಿದ್ದವು. ಈಗ ಒಂದು ಬಂದರೆ ಹೆಚ್ಚು.

ಮೂರು ವರ್ಷದ ಹಿಂದೆ ಇದೇ ಹಲಗೆಗಳು ಅವರ ಕೈಗೆ ಬಂದಿದ್ದವು. ಕಾರು ಡಾಕ್ಟರ್ ಕುಲತುಂಗ ಅವರದು. ಡಾಕ್ಟರು ತೀರಿಕೊಂಡ ಮೇಲೆ ಅವರ ಹೆಂಡತಿ, ಊರವರ ಬಾಯಲ್ಲಿ ಕುಲತುಂಗ ನೋನಾ, ಅಂದರೆ ಅಮ್ಮಾವ್ರು, ಬಾಗಿಲುಗಳ ಬಣ್ಣ ಮಾಸಿದೆಯೆಂದು ತಂದುಕೊಟ್ಟಿದ್ದರು. ಕೆಲಸ ಮುಗಿದ ದಿನ ಅವರು ಎಡಗಡೆಯ ಸೀಟಿನಲ್ಲಿ, ಗಂಡನ ಪಕ್ಕ ಮೂವತ್ತೊಂದು ವರ್ಷ ಕೂತ ಜಾಗದಲ್ಲಿ ಕೂತು, ಬಾಗಿಲೆಳೆದುಕೊಂಡರು.

"ಇದು ನಮ್ಮ ಕಾರಲ್ಲ, ಬಾಸ್."

ಪಾಪ, ದುಃಖದಲ್ಲಿ ಹಾಗನ್ನುತ್ತಿದ್ದಾರೆ ಎಂದುಕೊಂಡರು ಬಾಸ್. ಅಷ್ಟರಲ್ಲಿ ಚಹಾ ತಂದ ಯಸವತಿಯ ಬಾಯಿಂದ ಮಾತು ಜಾರಿತು: "ಅಯ್ಯೋ, ಹಸಿರು ಬಾಗಿಲಿಗೆ ನೀಲಿ ಯಾಕೆ ಹೊಡೆದ್ರಿ?"

ಬಾಸ್‌ಗೆ ಗೊತ್ತಾದದ್ದೇ ಆಗ. ಪೇಂಟಿಗೆ ಬೆರೆಸುವ ಥಿನ್ನರಿನ ಹೊಗೆ ಬಣ್ಣ ಗುರುತಿಸುವ ಕಣ್ಣಿನ ಶಕ್ತಿ ತಿಂದಿದೆ, ಕನ್ನಡಕ ಹಾಕಿದರೂ ಅದು ತಿರುಗಿ ಬಾರದು ಎಂದರು ಕಣ್ಣಿನ ಡಾಕ್ಟರು. ನೋನಾ ಬೈಯಲಿಲ್ಲ. ನೀಲಿ ಬಾಗಿಲಿನ ಕಾರಿನಲ್ಲೇ ಸುಮ್ಮನೆ ಹೊರಟುಹೋದರು. ಬೈದಿದ್ದರೆ ಮನಸ್ಸಿಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ಸಾಮಾನ್ಯವಾಗಿ ಕೈಯೂರುವ ಹಿಡಿಯ ಅಡಿಯಲ್ಲಿ ಬೆರಳಗಲ ಹಳೆಯ ಬಣ್ಣ ಮಾಸದೆ ಉಳಿದಿರುತ್ತದೆ; ಹೊಸ ಬಣ್ಣ ಬೆರೆಸಲು ಅದೇ ಮಾದರಿ. ಆ ಸಲ ಬಾಸ್ ಹಿಡಿ ಬಿಚ್ಚಿ, ಅಲ್ಲಿಗೂ ಹೊಡೆದುಬಿಟ್ಟಿದ್ದರು. "ಡಾಕ್ಟರು ಹೋದ್ರು. ಅವರ ಕಾರಿನ ಬಣ್ಣವನ್ನೂ ನಾನು ಅವರ ಹಿಂದೆಯೇ ಕಳಿಸಿಬಿಟ್ಟೆ," ಎನ್ನುತ್ತಾರೆ ಬಾಸ್.

ಅಂದಿನಿಂದ ಯಸವತಿಯೇ ಅವರ ಕಣ್ಣು. ಪೇಂಟಿನ ಹೆಸರುಗಳು ಆಕೆಗೆ ಬರುವುದಿಲ್ಲ. ಬದನೆ ಹೂವು, ಸೀದ ಕಾಯಿತುರಿ, ನೀರು ಚಹಾ ಎಂದು ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತಾರೆ. ಬಾಸ್ ಹನಿ ಲೆಕ್ಕದಲ್ಲಿ ಅದನ್ನೇ ಬೆರೆಸುತ್ತಾರೆ. ಗಿರಾಕಿಗಳಿಗೆ ಈ ಗುಟ್ಟು ಗೊತ್ತಿಲ್ಲ. ಗೊತ್ತಾದರೆ ಆ ಒಂದು ಕಾರೂ ಬಾರದು ಎಂಬ ಅಂಜಿಕೆ ಇಬ್ಬರಿಗೂ ಇದೆ.

ಹೋದ ತಿಂಗಳು ಬಾಸ್ ತಾವಾಗಿಯೇ ಯಸವತಿಯನ್ನು ಕರೆದುಕೊಂಡು ನೋನಾ ಮನೆಗೆ ಹೋಗಿ, ಇನ್ನೊಂದು ಸಲ ಕೊಡಿ ಎಂದು ಕೇಳಿಕೊಂಡರು. ಹಳೆಯ ಬಣ್ಣ ಉಳಿದಿದ್ದುದು ನೋನಾ ನೆನಪಿನಲ್ಲಿ ಮಾತ್ರ. ಬಣ್ಣದ ಬಗ್ಗೆ ಮಾತಾಡಿದ್ದು ಹೆಂಗಸರಿಬ್ಬರೇ.

"ತಣ್ಣಗಾದ ಒಂದೆಲಗದ ಗಂಜಿ ಇರ್ತದಲ್ಲ, ಆ ಹಸಿರು," ಎಂದರು ನೋನಾ.

"ಗಂಜಿಗೆ ಹಾಕಿದ್ದು ಕಾಯಿಯ ಮೊದಲ ಹಾಲೋ, ಎರಡನೇ ಹಾಲೋ?"

"ಎರಡನೇದು. ಡಾಕ್ಟರಿಗೆ ಜಿಡ್ಡು ಆಗ್ತಿರಲಿಲ್ಲ, ಕಣೇ."

ಯಸವತಿಗೆ ಅಷ್ಟು ಸಾಕಾಯಿತು. ಆಮೇಲೆ ಹನ್ನೊಂದು ದಿನ ಡಬ್ಬಿ, ಹನಿ, ಬೆಳಗಿನ ಬೆಳಕು. ಇವತ್ತು ನಾಲ್ಕು ಹನಿ ಹಳದಿ ಬಿದ್ದ ಮೇಲೆ ಆಕೆ ಸರಿಯಾಯಿತೆಂದು ತಲೆಯಾಡಿಸಿದರು.

ಮಧ್ಯಾಹ್ನ ಮೂರಕ್ಕೆ ನೋನಾ ಬರುತ್ತಾರೆ. ಹಲಗೆಗಳು ಬಾಗಿಲಿಗೆ ಕೂತಿವೆ. ಅವರು ಎಡಗಡೆ ಕೂತು ಬಾಗಿಲೆಳೆದುಕೊಳ್ಳುತ್ತಾರೆ. ಅಂಗೈಯಿಂದ ರೆಕ್ಸಿನ್ ಸವರುತ್ತಾರೆ. ಕಣ್ಣೀರು ಧಾರೆಯಾಗಿ ಇಳಿಯುತ್ತದೆ.

"ಇದೇ ಬಾಸ್, ಇದೇ. ಆವತ್ತಿನದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ!"

ಹೌದೆಂದುಬಿಡಿ ಎಂದು ಯಸವತಿ ಹಿಂದಿನಿಂದ ಸನ್ನೆ ಮಾಡುತ್ತಾರೆ. ಬಾಸ್ ಬಗ್ಗಿ ಬಾಗಿಲನ್ನು ನೋಡುತ್ತಾರೆ, ಮತ್ತೆ ನೋಡುತ್ತಾರೆ.

"ನನಗೆ ಎರಡೂ ಒಂದೇ ಥರ ಕಾಣ್ತದೆ, ನೋನಾ. ನಿಮಗೆ ಕಂಡಿತಲ್ಲ, ಸಾಕು."