ಮಾವಶಿಯ ಒಂದನೇ ನಂಬರಿನ ಪುಸ್ತಕ

ಮೊನ್ನೆ ಮುಂಬಯಿ ಪಕ್ಕದ ಠಾಣೆ ಊರಿನಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿದೊಡನೆ ಡಾಂಬರು ಗುಳಿಗೆಯ ವಾಸನೆ. ಸಾರಾ ಮಾವಶಿಯ ಪುಸ್ತಕವೆಂದು ನೋಡದೆಯೇ ಗೊತ್ತಾಯಿತು.

ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಅವರು ನನ್ನ ನೆಂಟರೇನಲ್ಲ. ಮಿರಜದಲ್ಲಿ ನಮ್ಮ ಕಾಗದದಂಗಡಿಯ ಹಿಂದಿನ ಓಣಿಯಲ್ಲಿದ್ದ ಯಹೂದಿ ನರ್ಸು. ಮನೆಮಾತು ಮರಾಠಿ, ಕನ್ನಡವನ್ನು ಗಡಿಯಾಚೆಯ ರೋಗಿಗಳಿಂದ ಕಲಿತವರು. ಹೀಗಾಗಿ ಕುಶಲ ಕೇಳುವಾಗಲೂ “ಎಲ್ಲಿ ನೋಯತೈತಿ?” ಎನ್ನುವ ಧಾಟಿ. ಅವರ ಮನೆಯ ಹೊರಕೋಣೆಯೇ ಊರಿನ ಯಹೂದಿಗಳ ಲೈಬ್ರರಿ. ರೈಲ್ವೆ ಗಾರ್ಡ್ ಆಗಿದ್ದ ಅವರ ಅಪ್ಪ ಕೊಂಕಣದಿಂದ ತಂದ ಒಂದು ಟ್ರಂಕು ಪುಸ್ತಕದಿಂದ ಶುರುವಾದದ್ದು. ಆಮೇಲೆ ಒಂದೊಂದೇ ಮನೆಯವರು ಇಸ್ರೇಲಿಗೆ ಹೊರಟರು. ಸಾಮಾನು ಭಾರವಾದಾಗ ಪಾತ್ರೆ ಬಿಡಲೊಲ್ಲದವರು ಪುಸ್ತಕ ಬಿಟ್ಟು ಹೋದರು. ಜನ ಕಡಿಮೆಯಾದಷ್ಟೂ ಕಪಾಟುಗಳು ತುಂಬಿದವು: ಹೀಬ್ರೂವಿನ ಎದುರು ಪುಟದಲ್ಲಿ ಮರಾಠಿ ಅರ್ಥವಿದ್ದ ಪ್ರಾರ್ಥನೆ ಪುಸ್ತಕಗಳು, ಕೈಬರಹದ ಕೀರ್ತನೆಯ ವಹಿಗಳು, ಮುಂಬಯಿಯ ಮಾಸಿಕಗಳು, ಹಳೆಯ ಮದುವೆ ಕರೆಯೋಲೆಗಳು ಕೂಡ. ಕೊನೆಕೊನೆಗೆ ಓದುಗರೆಂದರೆ ಮಾವಶಿ ಮತ್ತು, ನೀವು ನಗಬಹುದು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು.

ಕೇಳದೆ ಉಪಕಾರ ಮಾಡುವ ಚಟ ನನಗೆ ಮೊದಲಿನಿಂದಲೂ ಉಂಟು. ಒಂದು ಮಳೆಗಾಲ ಕಪಾಟಿಗೆ ಗೆದ್ದಲು ಹತ್ತಿತು. ಮಾವಶಿ ಕೀಲಿ ನನ್ನ ಕೈಗೆ ಕೊಟ್ಟು ಡ್ಯೂಟಿಗೆ ಹೋದರು. ಮೂಲೆಯ ಟ್ರಂಕಿನಲ್ಲಿ ಹರಿದ ಪ್ರಾರ್ಥನೆ ಪುಸ್ತಕಗಳು. ದೇವರ ಪುಸ್ತಕವನ್ನು ರದ್ದಿಗೆ ಹಾಕಲಾದೀತೆ? ನಮ್ಮ ಮನೆಯಲ್ಲಿ ಪೋಥಿ ಹರಿದರೆ ಕೃಷ್ಣಾ ನದಿಗೆ ಬಿಡುವುದು ವಾಡಿಕೆ. ಟ್ರಂಕನ್ನು ಆಟೋದಲ್ಲಿ ಹೇರಿಕೊಂಡು ಸಾಂಗಲಿಯ ಹೊಳೆಯ ಘಾಟಿಗೆ ಹೋದೆ. ಚಪ್ಪಲಿ ದೂರ ಕಳಚಿಟ್ಟು, ಒಂದೊಂದಕ್ಕೂ ಹೂ ಏರಿಸಿ, ಕೈಮುಗಿದು ನೀರಿಗೆ ಬಿಟ್ಟೆ.

ಸಂಜೆ ಹೆಮ್ಮೆಯಿಂದ ಹೇಳಿದಾಗ ಮಾವಶಿ ಹೋಗಿ ಖಾಲಿ ಮೂಲೆಯನ್ನು ನೋಡಿದರು.

“ಅವನ್ನ ಮಣ್ಣಿಗೆ ಕೊಡಾಕ ಇಟ್ಟಿದ್ದೆ. ದೇವರ ಹೆಸರ ಇರೋ ಪುಸ್ತಕ ಹಳೇದಾದರ ನಾವು ಮಂದೀನ ಹೂಳಿದಂಗ ಹೂಳತೀವಿ. ಅದರಾಗ ನಮ್ಮ ಅವ್ವನ ಪುಸ್ತಕಾನೂ ಇತ್ತು.” ಮತ್ತೆ, “ನೀವೂ ಹೂಳೋ ಮಂದಿ. ನಿನಗರೆ ತಿಳೀಬೇಕಿತ್ತು,” ಎಂದರು.

ನಿಜ. ನನ್ನ ಅವ್ವನನ್ನು ಮಿರಜದ ಹತ್ತಿರದ ಆರಗದ ನಮ್ಮ ಹೊಲದಲ್ಲಿ ಮಣ್ಣು ಮಾಡಿದಾಗ ಮಾವಶಿಯೂ ಬಂದು ನಿಂತಿದ್ದರು.

ಆಮೇಲೂ ಚಹಾ ಸಿಕ್ಕಿತು, ಓದಲು ಪುಸ್ತಕ ಸಿಕ್ಕಿತು. ಕೀಲಿ ಮಾತ್ರ ಮತ್ತೆ ನನ್ನ ಕೈಗೆ ಬರಲಿಲ್ಲ. ಅದು ನನ್ನನ್ನು ಬಹಳ ಕಾಡಿತು. ನಿವೃತ್ತಿಯ ಮೇಲೆ ಮಾವಶಿ ತಂಗಿಯ ಮನೆಗೆಂದು ಠಾಣೆಗೆ ಹೊರಟಾಗ ಪುಸ್ತಕಗಳನ್ನೆಲ್ಲ ಅವರೇ ಕಟ್ಟಿದರು. ನಾನು ಸುತಳಿ ಹಿಡಿದು ನಿಂತಿದ್ದೆ.

ಈಗ ಪಾರ್ಸೆಲ್‌ನಲ್ಲಿ ಒಂದೇ ಪ್ರಾರ್ಥನೆ ಪುಸ್ತಕ. ಮುಟ್ಟಿದರೆ ಹಾಳೆ ಪುಡಿಯಾಗುತ್ತದೆ. ಒಳರಟ್ಟಿನ ಮೇಲೆ ಅವರ ಅಪ್ಪನ ಅಕ್ಷರ: ‘ಮಿರಜ, ನಂಬರು ಒಂದು.’ ಈ ಸಲ ಮೊದಲು ಫೋನು ಮಾಡಿದೆ.

“ಮಾವಶಿ, ಇದನ್ನ ಏನ ಮಾಡಲ್ರಿ?”

“ಇಲ್ಲಿ ನಮ್ಮ ಪ್ರಾರ್ಥನಾ ಮಂದಿರದಾಗೂ ಕೊಡಬಹುದಿತ್ತು. ಆದರ ಅದು ಮಿರಜದ್ದು, ಆ ಕಡೀ ಮಣ್ಣಾಗ ಇರ್ಲಿ. ಹೊಲದಾಗ ನಿಮ್ಮ ಅವ್ವನ ಬಾಜೂಕ ಜಾಗಾ ಐತೇನು?”

“ಐತ್ರಿ” ಎನ್ನುತ್ತಲೇ ಬಿಳಿ ಬಟ್ಟೆ ಹುಡುಕಲು ಎದ್ದೆ.

ನಿನ್ನೆ ಸಲಿಕೆ ತೆಗೆದುಕೊಂಡು ಬಸ್ಸು ಹಿಡಿದು ಆರಗಕ್ಕೆ ಹೋದೆ. ಅವ್ವನ ಸಮಾಧಿಯ ಪಕ್ಕ ತಗ್ಗು ತೋಡಿ, ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ತಂದಿದ್ದ ಹೂವನ್ನು ಅವ್ವನಿಗೇ ಏರಿಸಿದೆ. ಪುಸ್ತಕಕ್ಕೆ ಏರಿಸಲು ಮಾವಶಿ ಹೇಳಿರಲಿಲ್ಲ. ಮಣ್ಣು ಮುಚ್ಚಿ ಫೋನು ಮಾಡಿದೆ.

“ಆತ್ರಿ ಮಾವಶಿ.”

“ಹೊಳೀಗೆ ಹೋಗಿಲ್ಲಲಾ ಮತ್ತ?” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಹಂಗಾದರ ಇನ್ನೂ ಮೂರು ಅದಾವ. ಕಳಸಲೇನು?”

ಸಲಿಕೆಯನ್ನು ಹೊಲದಲ್ಲೇ ಇಟ್ಟು ಬಂದಿದ್ದೇನೆ.